ರೂಟ್: ಬೆಕ್ಕುಗಳ ಮಿಲ್ಲು, ಹಕ್ಕಿಗಳ ಹಠ
2018ರಲ್ಲಿ ಬಂದ ಈ ಬೋರ್ಡ್ ಗೇಮ್ ನೋಡೋಕೆ ಮಕ್ಕಳ ಆಟದ ಹಾಗಿದೆ, ಒಳಗಿರುವುದು ಮಾತ್ರ ಪಕ್ಕಾ ಯುದ್ಧ. ಕಾಡು ಹಿಡಿದ ಬೆಕ್ಕುಗಳು ಮರ ಕೊಯ್ಯುವ ಮಿಲ್ಲು, ವರ್ಕ್‌ಶಾಪು ಕಟ್ಟುತ್ತಾ ಹೋಗುತ್ತವೆ. ಹಳೇ ರಾಜಮನೆತನದ ಹಕ್ಕಿಗಳಿಗೆ ಅದೇ ಕಾಡು ವಾಪಸ್ ಬೇಕು. ನನಗೆ ಹಕ್ಕಿಗಳೇ ಇಷ್ಟ. ಪ್ರತಿ ಸರದಿಯಲ್ಲೂ ಆಜ್ಞೆಗಳ ಸಾಲಿಗೆ ಕಾರ್ಡು ಸೇರಿಸಲೇಬೇಕು, ಹಳೆಯದನ್ನೂ ಬಿಡುವಂತಿಲ್ಲ, ಒಂದೇ ಒಂದು ಆಜ್ಞೆ ನಡೆಸಲಾಗದಿದ್ದರೂ ಸರ್ಕಾರ ಬಿದ್ದು ಅಂಕ ಹೋಗುತ್ತದೆ. ಗೆಲ್ಲಲು 30 ಬೇಕು. ಮೊನ್ನೆ 26ರಲ್ಲಿದ್ದೆ, ಗೂಡು ಕಟ್ಟೋಣ ಅಂದರೆ ಎಲ್ಲಾ ಕಡೆ ತಂಗಿಯ ಬೆಕ್ಕುಗಳು! ಎದೆ ಡವಡವ ಅಂತಿತ್ತು. ಒಬ್ಬೊಬ್ಬರ ನಿಯಮವೂ ಬೇರೆ, ಕಲಿಯೋಕೆ ಒಂದು ಸಂಜೆ ಪೂರ್ತಿ ಬೇಕು. ಇಬ್ಬರೇ ಆಡಿದರೆ ಸ್ವಲ್ಪ ಸಪ್ಪೆ. ನಾಲ್ವರು ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ.