ಆಟೋಗೆ ಯಾವ ಕನ್ನಡಿ ಸರಿ? ಒಳಗಿನದು, ಹೊರಗಿನದು, ಕ್ಯಾಮೆರಾ: ಓಡಿಸಿ ನೋಡಿದ ಹೋಲಿಕೆ

ಆಟೋದಲ್ಲಿ ಪ್ಯಾಸೆಂಜರ್ ಇಳಿಯುವುದು ಎಡಗಡೆ. ಬಲಗಡೆಗೆ ಅಡ್ಡ ಕಂಬಿ ಇರುತ್ತದೆ. ಬೆಂಗಳೂರಿನಲ್ಲಿ ಬೈಕುಗಳು ನುಗ್ಗುವುದೂ ಅದೇ ಎಡಗಡೆ. ಫುಟ್‌ಪಾತಿಗೂ ಆಟೋಗೂ ನಡುವೆ ಮೂರಡಿ ಸಂದಿ ಸಿಕ್ಕರೆ ಸಾಕು. ಹಾಗಾಗಿ ಹಿಂದೆ ನೋಡಲು ಆಟೋಗೆ ಏನು ಹಾಕಿಸಬೇಕು ಅಂತ ಯಾರೇ ಕೇಳಿದರೂ ನನ್ನ ಅಳತೆಗೋಲು ಒಂದೇ. ಪ್ಯಾಸೆಂಜರ್ ಕಾಲು ಕೆಳಗಿಡುವ ಹೊತ್ತಿಗೆ ಆ ಸಂದಿಯಲ್ಲಿ ಯಾರು ಬರುತ್ತಿದ್ದಾರೆ ಅನ್ನುವುದು ಕಾಣಬೇಕು. ಮಿಕ್ಕಿದ್ದೆಲ್ಲ ಆಮೇಲಿನ ಮಾತು.

ವಿಜಯನಗರ, ಮಾಗಡಿ ರಸ್ತೆ, ಮಾರ್ಕೆಟ್ ಕಡೆ ಓಡುವ ನನ್ನ ಗಾಡಿ ರೆಕ್ಸಿನ್ ಟಾಪಿನ ಎಲ್‌ಪಿಜಿ ಆಟೋ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಮುಖ್ಯವಾದ ಬಗೆಗಳನ್ನೆಲ್ಲ ಅದಕ್ಕೆ ಹಾಕಿಸಿ, ಬಾಡಿಗೆ ಹೊಡೆಯುತ್ತಲೇ ನೋಡಿದ್ದೇನೆ. ಸ್ನೇಹಿತರೊಬ್ಬರ ಎಲೆಕ್ಟ್ರಿಕ್ ಆಟೋವನ್ನೂ ಕೆಲಕಾಲ ಓಡಿಸಿದ್ದೇನೆ.

ಮುಂದಿನ ಗಾಜಿನ ನಡುವೆ, ಮೇಲ್ಗಡೆ ಕೂರಿಸುವ ಒಳಗನ್ನಡಿ ಕಾರಿಗೆ ಸರಿ, ಅಲ್ಲಿ ಹಿಂದೆ ದೊಡ್ಡ ಗಾಜಿರುತ್ತದೆ. ನಮ್ಮ ಟಾಪಿನ ಹಿಂಭಾಗದಲ್ಲಿರುವುದು ಸಣ್ಣದೊಂದು ಪ್ಲಾಸ್ಟಿಕ್ ಹಾಳೆ. ಬಿಸಿಲಿಗೆ ಅದು ಹಳದಿಯಾಗುತ್ತದೆ, ಗೀರು ಬೀಳುತ್ತದೆ, ರಾತ್ರಿ ಹಿಂದಿನ ಗಾಡಿಯ ಹೆಡ್‌ಲೈಟ್ ಬಿದ್ದರೆ ಬರೀ ಬೆಳಕಿನ ಮುದ್ದೆ. ಎಷ್ಟೋ ಗಾಡಿಗಳಲ್ಲಿ ಅದೇ ಜಾಗದಲ್ಲಿ ಶಂಕರನಾಗ್ ಅವರದೋ ಅಪ್ಪು ಅವರದೋ ಚಿತ್ರ ಇರುತ್ತದೆ. ಆ ಅಭಿಮಾನ ನನಗೂ ಇದೆ, ಚಿತ್ರವನ್ನು ಕಿಟಕಿಯ ಕೆಳಗೆ ಹಾಕಿಸಿಕೊಂಡಿದ್ದೇನೆ. ಇಷ್ಟಾದ ಮೇಲೂ ಮೂರು ಜನ ಕೂತರೆ ಈ ಕನ್ನಡಿಯಲ್ಲಿ ಕಾಣುವುದು ಮೂರು ತಲೆ. ಇನ್ನೊಂದು ಮಾತನ್ನು ನಮ್ಮವರು ಗಂಭೀರವಾಗಿ ತೆಗೆದುಕೊಳ್ಳಬೇಕು. ಒಂಟಿಯಾಗಿ ಕೂತ ಹೆಣ್ಣುಮಕ್ಕಳಿಗೆ ಈ ಕನ್ನಡಿ ತಮ್ಮ ಮುಖಕ್ಕೇ ತಿರುಗಿದಂತೆ ಅನಿಸಿ ಮುಜುಗರವಾಗುತ್ತದೆ. ದುಪಟ್ಟಾ ಸರಿಪಡಿಸಿಕೊಂಡು ಮೂಲೆಗೆ ಸರಿಯುವುದನ್ನು ನೋಡಿದ ಮೇಲೆ ನಾನು ಅದನ್ನು ಬಿಚ್ಚಿಬಿಟ್ಟೆ. ರಸ್ತೆಯನ್ನೂ ತೋರಿಸದೆ, ಕೂತವರಿಗೂ ಹಿಂಸೆ ಕೊಡುವ ವಸ್ತು ಯಾಕೆ ಬೇಕು?

ಎರಡನೆಯದು, ಬೆಂಗಳೂರಿನಲ್ಲಿ ತುಂಬ ಕಾಣುವ ಏರ್ಪಾಡು: ಮುಂಗಾಜಿನ ಚೌಕಟ್ಟಿನ ಒಳಗೇ ಎರಡು ಪಕ್ಕಕ್ಕೂ ಒಂದೊಂದು ಕನ್ನಡಿ. ಜಾಮಿನಲ್ಲಿ ಯಾರಿಗೂ ತಗಲುವುದಿಲ್ಲ, ಮುರಿಯುವುದಿಲ್ಲ. ಬಲಗಡೆಯದು ಪರವಾಗಿಲ್ಲ. ಎಡಗಡೆಯದರ ನೋಟ ಮಾತ್ರ ಪ್ಯಾಸೆಂಜರ್ ಸೀಟನ್ನು ಹಾಯ್ದು ಹೊರಗೆ ಹೋಗಬೇಕು. ಅಂಚಿನಲ್ಲಿ ಕೂತವರ ಮೊಣಕೈ, ತೊಡೆಯ ಮೇಲಿನ ಬ್ಯಾಗು, ಮಾರ್ಕೆಟ್ಟಿನಿಂದ ಬರುವಾಗ ಹೂವಿನ ಮೂಟೆ, ಎಲ್ಲವೂ ಅಡ್ಡ. ಮಳೆಗೆ ಪರದೆ ಇಳಿಸಿದರಂತೂ ಅದರ ಕೆಲಸ ಮುಗಿಯಿತು. ಮಳೆಯಲ್ಲೇ ಬೈಕಿನವರು ಜಾರುವುದು, ಮಳೆಯಲ್ಲೇ ಪ್ಯಾಸೆಂಜರ್ ಅವಸರದಲ್ಲಿ ಹಾರಿ ಇಳಿಯುವುದು.

ಹಾಗಾಗಿ ಹೊರಗೆ ಕಡ್ಡಿಯ ಮೇಲೆ ನಿಲ್ಲುವ ಕನ್ನಡಿಯೇ ನನ್ನ ಆಯ್ಕೆ. ಆಟೋದ ಒಂದು ಅನುಕೂಲ ಇಲ್ಲಿ ಕೆಲಸಕ್ಕೆ ಬರುತ್ತದೆ. ಡ್ರೈವರ್ ಕೂರುವುದು ನಡುಮಧ್ಯೆ, ಗಾಡಿಯ ಅಗಲ ಸುಮಾರು 1.3 ಮೀಟರ್. ಕಾರಿನಲ್ಲಿ ಎಡಗನ್ನಡಿ ಡ್ರೈವರಿಂದ ದೂರ ಬೀಳುತ್ತದೆ, ಇಲ್ಲಿ ಎರಡೂ ಕಣ್ಣಿಗೆ ಒಂದೇ ದೂರ. ಕನ್ನಡಿ ಗಾಡಿಯ ಮೈಗೆ ಕೂತಿರುವುದರಿಂದ ಹ್ಯಾಂಡಲ್ ತಿರುಗಿಸಿದರೂ ಅದು ಅಲುಗದು.

ಪ್ರಶ್ನೆ ಇರುವುದು ಚಪ್ಪಟೆ ಕನ್ನಡಿಯೋ ಉಬ್ಬುಗನ್ನಡಿಯೋ ಅನ್ನುವುದರಲ್ಲಿ. ಚಪ್ಪಟೆಯದರಲ್ಲಿ ದೂರದ ಅಂದಾಜು ಸರಿಯಾಗಿ ಸಿಗುತ್ತದೆ, ಆದರೆ ಕಾಣುವುದು ಒಂದು ಸಣ್ಣ ಪಟ್ಟಿ. ಹಿಂದಿನ ಚಕ್ರದ ಪಕ್ಕಕ್ಕೇ ಬಂದ ಸ್ಕೂಟರ್ ಅದರಿಂದ ಮಾಯವಾಗುತ್ತದೆ. ಉಬ್ಬಿನದು ಅಗಲವಾಗಿ ತೋರಿಸುತ್ತದೆ, ಎಲ್ಲವನ್ನೂ ಚಿಕ್ಕದಾಗಿಯೂ ತೋರಿಸುತ್ತದೆ. 1.2 ಮೀಟರ್ ತ್ರಿಜ್ಯದ ಉಬ್ಬಿರುವ ಕನ್ನಡಿಯನ್ನು ಎರಡಡಿಯಿಂದ ನೋಡಿದರೆ, 10 ಮೀಟರ್ ಹಿಂದಿರುವ ಬೈಕು ಚಪ್ಪಟೆ ಕನ್ನಡಿಯಲ್ಲಿ ಕಾಣುವುದರ ಸುಮಾರು ಅರ್ಧದಷ್ಟು ಕಾಣುತ್ತದೆ. ಗಂಟೆಗೆ 40 ಕಿ.ಮೀ. ವೇಗದ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಬರುತ್ತದೆ. ಅಂದರೆ ಇನ್ನೂ ದೂರ ಇದ್ದಾನೆ ಅನಿಸುವವನು ನಿಂತ ಗಾಡಿಯ ಪಕ್ಕಕ್ಕೆ ಒಂದು ಸೆಕೆಂಡಿನೊಳಗೆ ಬಂದಿರುತ್ತಾನೆ. ಅದಕ್ಕೇ ನಾನು ಎಡಕ್ಕೆ ಉಬ್ಬುಗನ್ನಡಿ, ಬಲಕ್ಕೆ ಚಪ್ಪಟೆ ಹಾಕಿಸಿದ್ದೇನೆ. ಎಡಗಡೆ ಬೇಕಾದ್ದು ‘ಯಾರಾದರೂ ಇದ್ದಾರೋ ಇಲ್ಲವೋ’ ಅನ್ನುವ ಉತ್ತರ. ಇದ್ದರೆ ಇಳಿಯಬೇಡಿ ಅನ್ನುತ್ತೇನೆ, ಅಷ್ಟೇ. ಬಲಕ್ಕೆ ಲೇನ್ ಬದಲಿಸುವಾಗ ಬಸ್ಸು ಎಷ್ಟು ದೂರದಲ್ಲಿದೆ, ಎಷ್ಟು ಜೋರಾಗಿ ಬರುತ್ತಿದೆ ಅನ್ನುವ ಅಂದಾಜು ಬೇಕು.

ಹೊರಗನ್ನಡಿಗೆ ಎರಡು ಕಾಟ. ಸಿಗ್ನಲ್ಲಿನಲ್ಲಿ ಎಂಜಿನ್ ಐಡಲ್ ಆಗುವಾಗ ಕಡ್ಡಿ ನಡುಗಿ ಬಿಂಬ ಎರಡೆರಡಾಗುತ್ತದೆ, ನಟ್ಟೂ ಸಡಿಲಾಗುತ್ತದೆ. ಗಿಡ್ಡ ಕಡ್ಡಿ, ಅಡಿಗೊಂದು ರಬ್ಬರ್ ವಾಷರ್, ನಟ್ಟಿನ ಮೇಲೊಂದು ಲಾಕ್‌ನಟ್ಟು ಹಾಕಿದರೆ ಬಹುಪಾಲು ನಿಲ್ಲುತ್ತದೆ. ಇನ್ನೊಂದು, ಚಿಕ್ಕಪೇಟೆಯಂಥ ಗಲ್ಲಿಯಲ್ಲಿ ತಗಲುವುದು. ಮಡಚುವ ಕಡ್ಡಿಗೆ ಸ್ವಲ್ಪ ಹೆಚ್ಚು ದುಡ್ಡಾದರೂ ಕೊಡಿ.

ಅಂಟಿಸುವ ಪುಟ್ಟ ಗುಂಡುಗನ್ನಡಿಗೆ ನನ್ನ ಮತ ಇಲ್ಲ. ಉಬ್ಬು ವಿಪರೀತವಾಗಿ ಬೈಕು ಸಾಸಿವೆಯಷ್ಟಾಗುತ್ತದೆ. ನಿಂತು ದಿಟ್ಟಿಸಿದರೆ ಕಾಣುತ್ತದೆ, ಓಡುವಾಗ ದಿಟ್ಟಿಸಲು ಪುರುಸೊತ್ತಿಲ್ಲ.

ಕ್ಯಾಮೆರಾ ಮೇಲೆ ನನಗೆ ಬಹಳ ಆಸೆ ಇತ್ತು. 2019ರ ಜುಲೈಯಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾದಾಗ ನಮ್ಮ ಮೂರು ಚಕ್ರದ ಗಾಡಿಗಳಿಗೆ ಆ ನಿಯಮ ಬರಲಿಲ್ಲ, ನಾವೇ ಹಾಕಿಸಿಕೊಳ್ಳಬೇಕು. 12 ವೋಲ್ಟಿನ ಬ್ಯಾಟರಿಗೆ ಕ್ಯಾಮೆರಾ ಸುಲಭವಾಗಿ ಒಗ್ಗುತ್ತದೆ. ನನ್ನ ಗಾಡಿಯಲ್ಲಿ ರಿವರ್ಸ್‌ಗೆ ಬೇರೆ ಲಿವರ್ ಇರುವುದರಿಂದ ಕ್ಯಾಮೆರಾಕ್ಕೆ ಪ್ರತ್ಯೇಕ ಸ್ವಿಚ್ ಕೊಡಿಸಿದೆ. ಕತ್ತಲೆಯ ಪಾರ್ಕಿಂಗಿನಲ್ಲಿ, ಕಿರಿದಾದ ಕ್ರಾಸಿನಲ್ಲಿ ಹಿಂದಕ್ಕೆ ತೆಗೆಯುವಾಗ ಇದಕ್ಕೆ ಸಾಟಿಯೇ ಇಲ್ಲ. ಟಾಪಿನ ಹಿಂದೆ, ಕೆಳಗೆ ಕೂತ ಮಗು ಯಾವ ಕನ್ನಡಿಗೂ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಈ ಒಂದೇ ಕಾರಣಕ್ಕೆ ಅದನ್ನು ಇಟ್ಟುಕೊಂಡಿದ್ದೇನೆ. ಮುಂದಕ್ಕೆ ಓಡುವಾಗ ಮಾತ್ರ ನಂಬುವಂತಿಲ್ಲ: ಪಕ್ಕ ತೆರೆದ ಗಾಡಿಯಾದ್ದರಿಂದ ಮಧ್ಯಾಹ್ನ ಕ್ಯಾಮೆರಾದ ಸ್ಕ್ರೀನಿನ ಮೇಲೆ ಬಿಸಿಲು ಹೊಡೆಯುತ್ತದೆ, ಮಳೆಗಾಲದಲ್ಲಿ ಚಕ್ರದ ಕೆಸರು ಲೆನ್ಸ್ ಮುಚ್ಚುತ್ತದೆ. ಎಡಸಂದಿಯಲ್ಲಿ ಮುಂದಕ್ಕೆ ಬಂದುಬಿಟ್ಟ ಬೈಕು ಅದರ ನೋಟದಿಂದ ಆಗಲೇ ಆಚೆಗೆ ಹೋಗಿರುತ್ತದೆ. ಕೊಳ್ಳುವಾಗ ರಿವರ್ಸ್ ಕ್ಯಾಮೆರಾ ಅಂತ ಕೇಳಿಯೇ ಕೊಳ್ಳಿ. ಮುಂದಿನ ಕ್ಯಾಮೆರಾ ಹಿಂದೆ ಹಾಕಿದರೆ ಎಡ ಬಲ ಅದಲುಬದಲಾಗಿ ಕಾಣುತ್ತದೆ.

ಎಲೆಕ್ಟ್ರಿಕ್ ಆಟೋದಲ್ಲಿ ನಿಂತಾಗ ನಡುಕವೇ ಇಲ್ಲ, ಹೊರಗನ್ನಡಿ ಕೊಳದ ನೀರಿನ ಹಾಗೆ ಸ್ಥಿರ. ಆದರೆ ಸದ್ದಿಲ್ಲದ ಗಾಡಿಯಾದ್ದರಿಂದ ಹಿಂದಕ್ಕೆ ತೆಗೆಯುವಾಗ ಜನ ಸರಿಯುವುದಿಲ್ಲ. ಅದಕ್ಕೆ ಕ್ಯಾಮೆರಾ ಇನ್ನೂ ಹೆಚ್ಚು ಬೇಕು. ಬ್ಯಾಟರಿ 48 ವೋಲ್ಟಿನದಾದರೆ ನೇರ ತಂತಿ ಎಳೆಯಬೇಡಿ, ಲೈಟಿಗೆ ಹೋಗುವ 12 ವೋಲ್ಟಿನ ಲೈನಿನಿಂದ ಫ್ಯೂಸ್ ಹಾಕಿಸಿ ತೆಗೆದುಕೊಳ್ಳಿ.

ಎಡಗನ್ನಡಿ ಕೂರಿಸುವ ಕ್ರಮ ಹೇಳಿಬಿಡುತ್ತೇನೆ. ಓಡಿಸುವಾಗ ಹೇಗೆ ಕೂರುತ್ತೀರೋ ಹಾಗೇ ಕೂತು, ಸ್ಟ್ಯಾಂಡಿನಲ್ಲಿರುವ ಯಾರನ್ನಾದರೂ ಹಿಂದಿನ ಚಕ್ರದ ಪಕ್ಕ ನಿಲ್ಲಿಸಿ, ನಿಧಾನವಾಗಿ ಹಿಂದಕ್ಕೆ ನಡೆಯಲು ಹೇಳಿ. ಕನ್ನಡಿಯ ಒಳ ಅಂಚಿನಲ್ಲಿ ನಿಮ್ಮದೇ ಗಾಡಿಯ ಟಾಪು ಒಂದು ಬೆರಳಿನಷ್ಟು ಮಾತ್ರ ಕಾಣಲಿ, ಉಳಿದದ್ದೆಲ್ಲ ರಸ್ತೆಗೆ ಬಿಡಿ. ಚಕ್ರದಿಂದ ಹತ್ತು ಹೆಜ್ಜೆವರೆಗೂ ಆ ಮನುಷ್ಯ ಎಲ್ಲೂ ಮರೆಯಾಗಬಾರದು. ಆಮೇಲೆ ನಟ್ಟು ಬಿಗಿ ಮಾಡಿ. ಗಾಡಿ ತೊಳೆಯುವಾಗ ಇದು ತಿರುಗಿರುತ್ತದೆ, ಬೆಳಗ್ಗೆ ಮೊದಲ ಬಾಡಿಗೆಗೆ ಮುಂಚೆ ಒಮ್ಮೆ ನೋಡಿಕೊಳ್ಳಿ.