ಬಿಲ್ಲಿನಲ್ಲಿ ಕಾಣದ ಖರ್ಚಿಗೆ ಸಿಕ್ಕ ನೆರವು

ತಂಗಿಯ ಎದೆಯಲ್ಲಿದ್ದ ಗಂಟು ಕ್ಯಾನ್ಸರೇ ಎಂದು ಬಯಾಪ್ಸಿಯಲ್ಲಿ ಗೊತ್ತಾದ ದಿನ ನಾನು ಹೊಸದೊಂದು ನೋಟ್‌ಬುಕ್ ತೆಗೆದೆ. ಲೆಕ್ಕ ಬರೆಯುವುದೇ ನನ್ನ ನೌಕರಿ, ಬೇರೆ ಏನು ಮಾಡಬೇಕೆಂದು ತೋಚಲೂ ಇಲ್ಲ. ಎಡಪುಟದಲ್ಲಿ ಆಸ್ಪತ್ರೆಯ ಬಿಲ್ಲು, ಬಲಪುಟದಲ್ಲಿ ಉಳಿದದ್ದೆಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಬಲಪುಟವೇ ನನ್ನನ್ನು ಹೆದರಿಸತೊಡಗಿತು: ಹೋಗಿಬರುವ ಖರ್ಚು, ರಾತ್ರಿ ತಂಗಿದ ರೂಮಿನ ಬಾಡಿಗೆ, ಅವಳ ಮಗುವನ್ನು ನೋಡಿಕೊಳ್ಳುವವರಿಗೆ ಕೊಟ್ಟದ್ದು, ಅವಳ ನಿಂತುಹೋದ ಸಂಬಳ, ನನ್ನ ಕಡಿತವಾದ ಸಂಬಳ. ವಿಮೆಯವರು ಎಡಪುಟದ ಒಂದಷ್ಟನ್ನು ಕೊಟ್ಟರು. ಬಲಪುಟವನ್ನು ಕೇಳುವವರೇ ಇರಲಿಲ್ಲ.

ಹಾಗಾಗಿ ಆಸ್ಪತ್ರೆಯ ಸಮಾಜ ಸೇವಾ ವಿಭಾಗದ ಬಗ್ಗೆ ಬರೆಯುತ್ತಿದ್ದೇನೆ. ರೋಗಿಗಳಿಗೆ ಹಣದ ನೆರವು ಕೊಡಿಸುವ ಇಂಥ ವಿಭಾಗ ನೀವು ಹೋಗುವ ಆಸ್ಪತ್ರೆಯಲ್ಲೂ ಇರಬಹುದು.

ತಂಗಿಯದು ಹರ್-2 ಪಾಸಿಟಿವ್, ಅಂದರೆ ಕ್ಯಾನ್ಸರ್ ಕಣಗಳ ಮೇಲೆ ಹರ್-2 ಎಂಬ ಪ್ರೋಟೀನ್ ಹೆಚ್ಚಿರುವ ಬಗೆ. ಶಸ್ತ್ರಚಿಕಿತ್ಸೆ ಆದಮೇಲೆ ಎಲ್ಲರೂ ‘ಕೆಂಪು ಔಷಧಿ’ ಎನ್ನುವ ಕೀಮೋ, 21 ದಿನಕ್ಕೊಂದರಂತೆ 4 ಸಲ. ನಂತರ ವಾರಕ್ಕೊಂದರಂತೆ 12 ವಾರ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ. ಅದರ ಜೊತೆಗೇ ಶುರುವಾಗಿ ಒಂದು ವರ್ಷ ನಡೆಯುವ, ಹರ್-2 ಪ್ರೋಟೀನನ್ನೇ ಗುರಿ ಮಾಡುವ ಔಷಧಿ ಟ್ರಾಸ್ಟುಜುಮಾಬ್. ನಡುವೆ 15 ದಿನ ರೇಡಿಯೇಷನ್. ಮೂರನೇ ಕೀಮೋಗೆ ಮುಂಚೆ ರಕ್ತ ಕೊಟ್ಟು ಕೂತಿದ್ದಾಗ ತಂಗಿ ಮೆಲ್ಲಗೆ ಕೇಳಿದಳು: “ಅಕ್ಕ, ಇದನ್ನ ಒಂದು ಹತ್ತು ದಿನ ಮುಂದಕ್ಕೆ ಹಾಕ್ಬಹುದಾ? ನಿನ್ನ ಸಂಬಳ ಆಗ್ಲಿ.” ನಾನು ಉತ್ತರ ಹುಡುಕುವ ಮೊದಲೇ ಪಕ್ಕದಲ್ಲಿದ್ದ ನರ್ಸ್ ನಮ್ಮನ್ನು ಎಬ್ಬಿಸಿ ಕಾರಿಡಾರಿನ ಕೊನೆಯ ಕೋಣೆಗೆ ಕರೆದುಕೊಂಡು ಹೋದರು.

ಅಲ್ಲಿದ್ದ ಮೇಡಂ ಮೊದಲು ಆದಾಯ ಕೇಳಲಿಲ್ಲ. “ಇಲ್ಲಿಗೆ ಹೇಗೆ ಬರ್ತೀರಿ? ನೀವಿಲ್ಲಿ ಇರುವಾಗ ಮಗು ಯಾರ ಹತ್ರ ಇರತ್ತೆ? ಈ ತಿಂಗಳು ಏನೇನು ಕಟ್ಟೋದು ಬಾಕಿ ಇದೆ?” ಎಂದು ಕೇಳಿದರು. ನನ್ನ ಬಲಪುಟವನ್ನು ಯಾರೋ ಮೊದಲ ಬಾರಿಗೆ ಓದಿದ ಹಾಗಾಯಿತು. ಕೀಮೋದ ತಾರೀಖು ದುಡ್ಡಿಗಾಗಿ ತಪ್ಪಬಾರದು, ಅದು ನಮ್ಮ ಕೆಲಸ ಎಂದು ಹೇಳಿ ಎದುರಿಗೇ ಅರ್ಜಿ ತುಂಬಿಸಿದರು.

ಸಿಕ್ಕದ್ದು ಇಷ್ಟು. ಟ್ರಾಸ್ಟುಜುಮಾಬ್‌ಗೆ ಔಷಧಿ ಕಂಪನಿಯ ನೆರವು ಯೋಜನೆಯಲ್ಲಿ ಕೆಲವು ಡೋಸ್ ಉಚಿತ. ರೇಡಿಯೇಷನ್ ನಡೆದ ಮೂರು ವಾರ ಆಸ್ಪತ್ರೆಯ ಹತ್ತಿರವೇ ತಂಗಲು ಕೋಣೆ. ಒಂದು ಟ್ರಸ್ಟ್‌ನಿಂದ ಮೂರು ತಿಂಗಳ ಮನೆ ಬಾಡಿಗೆ. ಮತ್ತೆ ಪ್ರಯಾಣದ ಹಣ. ಮೊತ್ತದಲ್ಲಿ ಎಲ್ಲಕ್ಕಿಂತ ಚಿಕ್ಕದು ಈ ಕೊನೆಯದೇ. ನಮ್ಮನ್ನು ಹಿಡಿದು ನಿಲ್ಲಿಸಿದ್ದೂ ಅದೇ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಡ್ರಿಪ್ ಮುಗಿದು ಹೊರಡುವಾಗ ಮುಂದಿನ ಸಲ ಬರುವ ಖರ್ಚನ್ನು ಕಂದು ಬಣ್ಣದ ಕವರಿನಲ್ಲಿ ಹಾಕಿ, ಮೇಲೆ ಮುಂದಿನ ತಾರೀಖು ಬರೆದು ತಂಗಿಯ ಕೈಗೇ ಕೊಡುತ್ತಿದ್ದರು, ನನ್ನ ಕೈಗಲ್ಲ. ಅವಳು ಅದನ್ನು ಫೈಲಿನ ಮೊದಲ ಹಾಳೆಗೆ ಕ್ಲಿಪ್ ಹಾಕಿ ಇಡುತ್ತಿದ್ದಳು. ಮುಂದಕ್ಕೆ ಹಾಕೋಣ ಎಂಬ ಮಾತು ಆಮೇಲೆ ಅವಳ ಬಾಯಿಂದ ಬರಲಿಲ್ಲ.

ದುಡ್ಡಿನ ಕಷ್ಟ ಮನಸ್ಸಿಗೆ ಮಾತ್ರ ಎಂದುಕೊಂಡವರಿಗೆ ಎರಡು ಅಂಕಿ ಹೇಳಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದ ದಾಖಲೆಗಳನ್ನು ಹಿಡಿದು ಮಾಡಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ಯಾನ್ಸರ್ ಬಂದವರು ದಿವಾಳಿಯಾಗುವ ಸಾಧ್ಯತೆ ಉಳಿದವರಿಗಿಂತ 2.65 ಪಟ್ಟು ಇತ್ತು. 2016ರಲ್ಲಿ ಬಂದ ಮುಂದಿನ ಅಧ್ಯಯನದಲ್ಲಿ, ದಿವಾಳಿಯಾದ ಕ್ಯಾನ್ಸರ್ ರೋಗಿಗಳಿಗೆ ಸಾವಿನ ಅಪಾಯ ದಿವಾಳಿಯಾಗದ ರೋಗಿಗಳಿಗಿಂತ ಶೇ. 79ರಷ್ಟು ಹೆಚ್ಚು ಎಂದು ಕಂಡಿತು. ವೈದ್ಯರು ಇದಕ್ಕೆ ಫೈನಾನ್ಷಿಯಲ್ ಟಾಕ್ಸಿಸಿಟಿ ಎನ್ನುತ್ತಾರೆ. ವಾಂತಿ, ಕೂದಲು ಉದುರುವುದರ ಹಾಗೆ ಇದೂ ಚಿಕಿತ್ಸೆಯ ಒಂದು ಅಡ್ಡಪರಿಣಾಮ ಎಂಬ ಅರ್ಥದಲ್ಲಿ.

ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಅದೇ ಆದಾಯ ಪತ್ರವನ್ನು ಮೂರು ಅರ್ಜಿಗೆ ಮೂರು ಸಲ ಕೇಳಿದರು. ಔಷಧಿಯ ಮಂಜೂರಾತಿ ಐದು ವಾರ ಹಿಡಿದು, ಮೊದಲ ಡೋಸಿಗೆ ಎರಡು ದಿನ ಇರುವಾಗ ಬಂತು. ಆ ಐದು ವಾರ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ. ಬಿಳಿ ರಕ್ತಕಣ ಏರಿಸುವ ಫಿಲ್ಗ್ರಾಸ್ಟಿಮ್ ಇಂಜೆಕ್ಷನ್ ಪ್ರತಿ ಕೀಮೋ ಆದಮೇಲೆ ಐದು ದಿನ ಬೇಕಿತ್ತು. ಅದನ್ನು ಮನೆಯ ಹತ್ತಿರ ಹಾಕಿಸಿಕೊಂಡಿದ್ದರಿಂದ ‘ಹೊರಗಿನ ಖರ್ಚು’ ಎಂದು ಬಿಟ್ಟುಬಿಟ್ಟರು. ಸ್ಕ್ಯಾನಿನ ನೆರವಂತೂ ಮೊದಲು ನಾವು ಕಟ್ಟಿ, ರಸೀದಿ ಕೊಟ್ಟು, ಆಮೇಲೆ ಪಡೆಯುವಂಥದ್ದು. ಕಟ್ಟಲು ಇದ್ದಿದ್ದರೆ ಆ ಕೋಣೆಗೆ ಯಾಕೆ ಹೋಗುತ್ತಿದ್ದೆವು?

ನನಗೆ ಹೆಚ್ಚು ನೋವಾದದ್ದು ಬೇರೆ. ರೋಗ ಗೊತ್ತಾದ ದಿನವೇ ಈ ಕೋಣೆಯ ಬಗ್ಗೆ ಯಾರಾದರೂ ಹೇಳಿದ್ದರೆ ಎರಡು ಸಾಲ ತಪ್ಪುತ್ತಿತ್ತು. ಅವುಗಳ ಬಡ್ಡಿ ಇನ್ನೂ ನನ್ನ ನೋಟ್‌ಬುಕ್ಕಿನಲ್ಲಿದೆ. ನೆರವು ನಿಲ್ಲುವುದೂ ಬೇಗ. ರೇಡಿಯೇಷನ್ ಮುಗಿದೊಡನೆ ಪ್ರಯಾಣದ ಹಣ ನಿಂತಿತು. ಆದರೆ 21 ದಿನಕ್ಕೊಮ್ಮೆ ಟ್ರಾಸ್ಟುಜುಮಾಬ್ ಇತ್ತು, ಆ ಔಷಧಿ ಹೃದಯಕ್ಕೆ ತೊಂದರೆ ಮಾಡುತ್ತಿದೆಯೇ ಎಂದು ನೋಡಲು ಮೂರು ತಿಂಗಳಿಗೊಮ್ಮೆ ಎಕೋ ಸ್ಕ್ಯಾನ್ ಇತ್ತು, ಕೀಮೋದಿಂದ ಬಂದ ಬೆರಳ ತುದಿಯ ಜೋಮು ಹೋಗದೆ ತಂಗಿ ಕೆಲಸಕ್ಕೆ ಮರಳಲು ಇನ್ನೂ ನಾಲ್ಕು ತಿಂಗಳು ಬೇಕಾಯಿತು.

ಇಂಥ ಕೋಣೆ ಹುಡುಕಿಕೊಂಡು ಹೋಗುವವರು ಮೊದಲ ದಿನವೇ ಹೋಗಿ. ಬಯಾಪ್ಸಿ ವರದಿ, ವೈದ್ಯರು ಬರೆದ ಚಿಕಿತ್ಸೆಯ ಪೂರ್ತಿ ಯೋಜನೆ, ಆದಾಯ ಪತ್ರ, ಎಲ್ಲದರ ಐದೈದು ಜೆರಾಕ್ಸ್ ಜೊತೆಗಿರಲಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ. ಔಷಧಿ ದುಬಾರಿಯಾದರೆ ಬಯೋಸಿಮಿಲರ್, ಅಂದರೆ ಅದನ್ನೇ ತೀರ ಹೋಲುವ, ಬೇರೆ ಕಂಪನಿ ಮಾಡಿದ ಔಷಧಿ, ಆಗುತ್ತದೆಯೇ ಎಂದು ವೈದ್ಯರನ್ನೇ ಕೇಳಿ. ಟ್ರಾಸ್ಟುಜುಮಾಬ್‌ನ ಬಯೋಸಿಮಿಲರ್ ಒಂದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಗುಣಮಟ್ಟ ಪರಿಶೀಲಿಸಿ 2019ರಲ್ಲೇ ಪೂರ್ವಾರ್ಹತೆ ಎಂಬ ಒಪ್ಪಿಗೆ ಕೊಟ್ಟಿದೆ. ಬಿಲ್ಲಿನ ಜೊತೆಗೆ ಬಲಪುಟದ ಲೆಕ್ಕವನ್ನೂ ಬರೆದುಕೊಂಡು ಹೋಗಿ. ಅವರು ಕೇಳದಿದ್ದರೂ ತೋರಿಸಿ.

ಈ ಕೊರತೆಗಳನ್ನು ವಿಭಾಗದ ಸಲಹಾ ಪುಸ್ತಕದಲ್ಲೂ ಬರೆದು ಬಂದಿದ್ದೆ. ಹೋದ ತಿಂಗಳು ತಂಗಿಯನ್ನು ಎಕೋಗೆ ಕರೆದುಕೊಂಡು ಹೋದಾಗ ನೋಡಿದೆ, ಬಯಾಪ್ಸಿ ವರದಿ ಕೊಡುವ ಕಿಟಕಿಯ ಪಕ್ಕ ಆ ಕೋಣೆಯ ನಂಬರನ್ನು ದೊಡ್ಡ ಅಕ್ಷರದಲ್ಲಿ ಅಂಟಿಸಿದ್ದಾರೆ.