ಸ್ವೀಟ್ ಹೋಮ್ ಥ್ರೀಡಿ: ನಮ್ಮನೆ ಪ್ಲಾನ್ ನಾನೇ ಬರೆದು ಮೂರು ವರ್ಷ ಆದ್ಮೇಲೆ

ಅಮ್ಮಂಗೆ ವೀಲ್‌ಚೇರ್ ಬಂದ್ಮೇಲೆ ಬಾತ್‌ರೂಮ್ ಬಾಗ್ಲಲ್ಲಿ ಹೋಗೋವಾಗ ಕೈಬೆರಳ ಗೆಣ್ಣು ಚೌಕಟ್ಟಿಗೆ ಉಜ್ಜಿ ಉಜ್ಜಿ ಚರ್ಮ ಕಿತ್ತು ಬರ್ತಿತ್ತು. ಅಲ್ಲಿಂದ ಶುರು ಆಗಿದ್ದು ಈ ರೀಮಾಡೆಲಿಂಗ್, ಹೆಂಗೂ ಧೂಳು ಏಳತ್ತಲ್ಲ ಅಂತ ಅಡುಗೆಮನೆನೂ ಸೇರಿಸ್ಕೊಂಡ್ವಿ. ಪ್ಲಾನ್ ಬೇರೆಯವ್ರ ಕೈಗೆ ಕೊಡೋಕೆ ಮನಸ್ಸಾಗ್ಲಿಲ್ಲ, ಅಮ್ಮ ಎಲ್ಲಿ ಕೈ ಊರ್ತಾರೆ ಯಾವ ಕಡೆ ತಿರುಗ್ತಾರೆ ಅಂತ ದಿನಾ ನೋಡೋದು ನಾನಲ್ವಾ.

ಬರೆದಿದ್ದು ಸ್ವೀಟ್ ಹೋಮ್ ಥ್ರೀಡಿ ಅನ್ನೋ ಮನೆ ಪ್ಲಾನ್ ಬರೆಯೋ ಸಾಫ್ಟ್‌ವೇರಲ್ಲಿ. ಅದು ಫ್ರೀ, ಓಪನ್ ಸೋರ್ಸ್, ವಿಂಡೋಸ್ ಮ್ಯಾಕ್ ಲಿನಕ್ಸ್ ಎಲ್ಲದ್ರಲ್ಲೂ ಓಡತ್ತೆ. ಮೇಲ್ಗಡೆ ಪ್ಲಾನ್ ಬರೀತಾ ಹೋದ್ರೆ ಕೆಳಗಡೆ ಥ್ರೀಡಿಲಿ ಗೋಡೆ ಎದ್ದು ನಿಲ್ಲತ್ತೆ. ಕಲಿಯೋಕೆ ಒಂದು ಭಾನುವಾರ ಸಾಕು. ಆದ್ರೆ ನಿಜವಾದ ಕೆಲಸ ಕಂಪ್ಯೂಟರ್ ಮುಂದೆ ಅಲ್ಲ ಸ್ವಾಮಿ, ಟೇಪು ಹಿಡ್ಕೊಂಡು ನೆಲದ ಮೇಲೆ ಮಂಡಿ ಊರೋದ್ರಲ್ಲಿದೆ. ಹೊಸದು ಬರೆಯೋಕೆ ಮುಂಚೆ ಮನೆ ಈಗ ಹೆಂಗಿದೆಯೋ ಹಂಗೇ ಬರೀಬೇಕು, ನಂಗೆ ಅದಕ್ಕೇ ಮೂರು ವಾರ ಹಿಡೀತು.

ಉದಾಹರಣೆಗೆ ಅಡುಗೆಮನೆ. ಒಳಗಡೆ 3 ಮೀಟರ್ ಇಂಟು 4 ಮೀಟರ್, ಎದುರು ಬದುರು ಗೋಡೆ ಅಳತೆನೂ ಸರಿಯಾಗೇ ಬಂತು. ಮೂಲೆ ನೆಟ್ಟಗಿದ್ರೆ ಕರ್ಣ ಎರಡೂ 5 ಮೀಟರ್ ಬರ್ಬೇಕು. ಅಳೆದ್ರೆ ಒಂದು 5.04, ಇನ್ನೊಂದು 4.96! ಅಂದ್ರೆ 3 ಮೀಟರ್ ಗೋಡೆ ಆ ತುದಿ ಮುಟ್ಟೋ ಹೊತ್ತಿಗೆ ಹತ್ರ ಹತ್ರ 5 ಸೆಂ.ಮೀ. ಓರೆ. ಇಷ್ಟು ವರ್ಷ ಅದೇ ಮನೇಲಿದ್ರೂ ಕಣ್ಣಿಗೆ ಕಂಡಿರ್ಲಿಲ್ಲ. ನೆಟ್ಟಗಿದೆ ಅಂದ್ಕೊಂಡು ಕ್ಯಾಬಿನೆಟ್ ಮಾಡಿಸಿದ್ರೆ ಹಿಂದೆ ಬೆಣೆ ಥರ ಸಂದಿ ಉಳ್ದುಬಿಡ್ತಿತ್ತು. ಕರ್ಣ ಅಳೀದೆ ಪ್ಲಾನ್ ಬರೀಬೇಡಿ, ಕೈಮುಗಿದು ಹೇಳ್ತೀನಿ.

ಇನ್ನೊಂದು ವಿಷಯ, ಹೊಸಬರು ಇಲ್ಲೇ ಎಡವೋದು. ಇದ್ರಲ್ಲಿ ಗೋಡೆ ಉದ್ದ ಲೆಕ್ಕ ಆಗೋದು ಗೋಡೆಯ ನಡುಗೆರೆಯಿಂದ, ಒಳಮೈಯಿಂದ ಅಲ್ಲ. ನಾನು ಟೇಪಲ್ಲಿ ಬಂದ 3 ಮೀಟರ್‌ನೇ ಟೈಪ್ ಮಾಡಿದ್ದೆ, ನಮ್ಮ ಗೋಡೆ ದಪ್ಪ 20 ಸೆಂ.ಮೀ., ಆ ಕಡೆ 10 ಈ ಕಡೆ 10 ಹೋಗಿ ರೂಮು 2.80 ಆಗಿ ಕೂತಿತ್ತು. ಫ್ರಿಜ್ಜಿಗೆ ಜಾಗನೇ ಇಲ್ವಲ್ಲ ಅಂತ ಎರಡು ರಾತ್ರಿ ತಲೆ ಕೆಡಿಸ್ಕೊಂಡೆ, ಆಮೇಲೆ ನೋಡಿದ್ರೆ 3.20 ಅಂತ ಹಾಕ್ಬೇಕಿತ್ತು ಅಷ್ಟೇ. ಗೋಡೆ ದಪ್ಪ ಡಿಫಾಲ್ಟ್ ಆಗಿ 7.5 ಸೆಂ.ಮೀ. ಇರತ್ತೆ, ಎತ್ತರ 250. ಮೊದ್ಲು ಪ್ರಿಫರೆನ್ಸಸ್‌ಗೆ ಹೋಗಿ ನಿಮ್ಮನೇದು ಎಷ್ಟೋ ಅಷ್ಟು ಹಾಕ್ಕೊಳ್ಳಿ.

ಬಾತ್‌ರೂಮ್ ವಿಷಯಕ್ಕೆ ಬಂದ್ರೆ ಈ ಸಾಫ್ಟ್‌ವೇರ್‌ಗೆ ನಾನು ಋಣಿ. ಹಳೇ ಬಾಗ್ಲು 75 ಸೆಂ.ಮೀ., ಆದ್ರೆ ಚೌಕಟ್ಟಿನ ಪಟ್ಟಿ, ತೆರೆದು ನಿಂತ ಬಾಗ್ಲಿನ ದಪ್ಪ ಎಲ್ಲಾ ಕಳೆದ್ರೆ ಹೋಗೋಕೆ ಸಿಗ್ತಿದ್ದಿದ್ದು 68. ಚೇರಿನ ಅಗಲನೇ 65, ಇನ್ನು ಕೈ ಎಲ್ಲಿ ಇಡ್ತಾರೆ ಪಾಪ. ಬಾಗ್ಲಲ್ಲಿ ಹೋಗೋ ಜಾಗ 81 ಸೆಂ.ಮೀ. ಆದ್ರೂ ಇರ್ಬೇಕು, ಚೇರು ಒಳಗೇ ತಿರುಗ್ಬೇಕು ಅಂದ್ರೆ ಒಂದೂವರೆ ಮೀಟರ್ ವೃತ್ತದಷ್ಟು ನೆಲ ಖಾಲಿ ಬೇಕು. ನಾನು ಏನ್ಮಾಡ್ದೆ ಅಂದ್ರೆ ಲಿಸ್ಟಲ್ಲಿರೋ ರೌಂಡ್ ಟೇಬಲ್ ಒಂದನ್ನ ತಗೊಂಡು 150 ಸೆಂ.ಮೀ. ಮಾಡಿ ಪ್ಲಾನ್ ಮೇಲೆ ಎಳೆದಾಡಿದೆ. ಬಾಗ್ಲು ಒಳಗೆ ತೆಗೆಯೋ ಥರ ಇದ್ದಾಗ ಅದು ತಿರುಗೋ ಕಾಲುವೃತ್ತದ ಗೆರೆ ಟೇಬಲ್‌ಗೆ ಬಡೀತಿತ್ತು. ಬಾಗ್ಲು ಹೊರಗೆ ತೆಗೆಯೋ ಹಾಗೆ ಮಾಡಿ, ಸಿಂಕನ್ನ ಪಕ್ಕದ ಗೋಡೆಗೆ ಸರಿಸಿದ್ಮೇಲೆ ವೃತ್ತ ಕೂತ್ಕೊಳ್ತು. ಅಮ್ಮನ್ನ ಲ್ಯಾಪ್‌ಟಾಪ್ ಮುಂದೆ ಕೂರಿಸಿ ತೋರಿಸ್ದೆ, "ಹಿಡ್ಕೊಳ್ಳೋ ರಾಡು ಎಡಗಡೆ ಬೇಡ ಕಣೋ, ನನ್ ಬಲಗೈಗೆ ಸಿಗೋ ಹಾಗೆ ಹಾಕು" ಅಂದ್ರು. ಆ ಒಂದು ಮಾತು ಪ್ಲಾನ್ ಇಲ್ದಿದ್ರೆ ಟೈಲ್ಸ್ ಹಾಕಿದ್ಮೇಲೆ ಬರ್ತಿತ್ತು.

ಯಾವ ಗೋಡೆ ಭಾರ ಹೊತ್ತಿದೆ ಅಂತ ಮಾತ್ರ ಯಾವ ಡ್ರಾಯಿಂಗ್ ಸಾಫ್ಟ್‌ವೇರೂ ಹೇಳಲ್ಲ, ಮೌಸಲ್ಲಿ ಡಿಲೀಟ್ ಒತ್ತಿದ್ರೆ ಗೋಡೆ ಹೋಯ್ತು, ಮೇಲಿನ ಮಹಡಿ ಗಾಳೀಲಿ ನಿಂತಿರತ್ತೆ. ನಾನು ಅಡುಗೆಮನೆ ಹಾಲ್ ನಡುವಿನ ಗೋಡೆ ತೆಗೆದೇ ಪ್ಲಾನ್ ಮಾಡಿದ್ದೆ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ "ಇದನ್ನ ಮುಟ್ಬೇಡಿ, ಮೇಲಿನ ಬೀಮ್ ಇದರ ಮೇಲೇ ಕೂತಿದೆ" ಅಂದ್ರು. ಪ್ಲಾನ್ ಬದಲಾಯಿಸಿ ಸ್ಟೋರ್ ಕಡೆ ಗೋಡೆ ತೆಗೆದ್ವಿ. ಎಂಜಿನಿಯರ್‌ಗೆ ತೋರಿಸ್ದೆ ಒಂದು ಇಟ್ಟಿಗೆನೂ ಅಲ್ಲಾಡಿಸ್ಬೇಡಿ, ಪರ್ಮಿಷನ್ ಬೇಕಾ ಅಂತಾನೂ ಮೊದ್ಲೇ ಕೇಳ್ಕೊಳ್ಳಿ. ಮೇಸ್ತ್ರಿಗೆ 1:50 ಸ್ಕೇಲಲ್ಲಿ ಪ್ರಿಂಟ್ ಕೊಟ್ಟೆ, ಕಾಗದದ ಮೇಲೆ 2 ಸೆಂ.ಮೀ. ಅಂದ್ರೆ 1 ಮೀಟರ್. ಗೋಡೆಗೆ ಅಂಟಿಸ್ಕೊಂಡು ಕೆಲಸ ಮಾಡಿದ್ರು, ದಿನಾ ಫೋನ್ ಮಾಡಿ ಕೇಳೋದು ತಪ್ತು.

ಕೆಲಸ ಮುಗಿದ್ಮೇಲೂ ಫೈಲ್ ಬಿಸಾಕಿಲ್ಲ. ಗೋಡೆ ಕೊರೆದು ಪೈಪು ವೈರು ಹಾಕಿದಾಗ, ಪ್ಲಾಸ್ಟರಿಂಗ್ ಆಗೋ ಮುಂಚೆ, ಮೂಲೆಯಿಂದ ಎಷ್ಟು ದೂರ ಅಂತ ಅಳೆದು ಫೈಲಲ್ಲಿ ಅದೇ ಎತ್ತರದಲ್ಲಿ ಇನ್ನೊಂದು ಲೆವೆಲ್ (ಪ್ಲಾನ್ ಮೇಲೆ ಹಾಸಿದ ಇನ್ನೊಂದು ಹಾಳೆ ಥರ) ಸೇರಿಸಿ, ಪಾಲಿಲೈನ್ ಅನ್ನೋ ಗೆರೆ ಎಳೆಯೋ ಟೂಲಲ್ಲಿ ಬರೆದಿಟ್ಟಿದ್ದೆ. ಹೋದ ತಿಂಗ್ಳು ಬಾತ್‌ರೂಮಲ್ಲಿ ಅಮ್ಮಂಗೆ ಇನ್ನೊಂದು ರಾಡು ಬೇಕಾಯ್ತು, ಡ್ರಿಲ್ ಕೈಲಿ ಹಿಡ್ಕೊಂಡು ಫೈಲ್ ತೆಗೆದು ನೋಡ್ದೆ, ನಾನು ಪೆನ್ಸಿಲಲ್ಲಿ ಗುರುತು ಹಾಕಿದ್ದ ಜಾಗದ ಹಿಂದೇನೇ ಬಿಸಿನೀರಿನ ಪೈಪು ಹೋಗಿತ್ತು. 12 ಸೆಂ.ಮೀ. ಪಕ್ಕಕ್ಕೆ ಸರಿಸಿ ತೂತು ಹೊಡ್ದೆ.